ಅತ್ತಿಗೆಯ ನೋಟ್‌ಬುಕ್ಕು

ನಮ್ಮಲ್ಲಿ ದನ ಎಣಿಸಬಾರದು.
ಎಣಿಸಿದರೆ ಹಟ್ಟಿ ಬರಿದಾಗುತ್ತದಂತೆ.
ಸಂಜೆ ಅಪ್ಪ ಬಣ್ಣ ನೋಡಿಯೇ ಹೇಳುತ್ತಿದ್ದ:
ಕಡುಗೆಂಪಿನ ಬಿಹೊಗೊ ಬಂದಳು,
ಚುಕ್ಕೆ ಮೈಯ ಮಾಯೆಂಜೆ ಬಂದಳು,
ಕೊಂಬುಗಳ ನೆರಳು ಬೇಲಿಯೊಳಗೆ ತುಂಬಿತು,
ಸಾಕು.

ಅತ್ತಿಗೆ ಕೆಬಿರುಂಗಿ ಲ್ಯಾಂಟೊಂಡೆಯವಳು,
ಹೆದ್ದಾರಿಯಲ್ಲಿ ಬಸ್ಸು ನಿಂತಷ್ಟು ಹೊತ್ತಿನಲ್ಲಿ
ಸುಟ್ಟ ಬಾಳೆಕಾಯಿ ಮಾರಿ ಚಿಲ್ಲರೆ ಕೊಟ್ಟು ಬೆಳೆದವಳು.
ಬಂದ ವಾರಕ್ಕೇ ನೋಟ್‌ಬುಕ್ಕು ತೆರೆದಳು:
ದನ, ನಲವತ್ತಮೂರು.
ನಾನು ನೆಲಕ್ಕೆ ಉಗಿದೆ, ಅಪಶಕುನ ಕಳೆಯಲೆಂದು.

ಯಾವುದು ಯಾವ ಸಂತೆಯಿಂದ ಬಂತು,
ಉಪ್ಪಿಗೆಷ್ಟು, ಉಣ್ಣೆಯ ಔಷಧಿಗೆಷ್ಟು,
ಯಾರ ಹಾಲು ಎಂದು ಇಳಿಯಿತು, ಎಲ್ಲ ಬರೆದಳು.
ಹೊಸ ಹೋರಿಯನ್ನು ಮೂರು ವಾರ
ಜೌಗಿನಾಚೆ ಒಂಟಿಯಾಗಿ ಕಟ್ಟಿಸಿದಳು.
"ಮದುಮಗನಿಗೆ ಜೈಲು" ಎಂದು ನಕ್ಕವನು ನಾನೇ.
ಗೇಟಿನಲ್ಲಿ ಗುಂಡಿ ತೋಡಿಸಿ ಸೋಡಾ ನೀರು ತುಂಬಿದಳು,
ಅಪ್ಪನೂ ಬೂಟು ಅದ್ದಿಯೇ ಒಳಬರಬೇಕು.
ಏಳು ಮನೆಯ ಹೆಂಗಸರ ಹಾಲಿನ ದುಡ್ಡಿಂದ
ವಾರಕ್ಕಿಷ್ಟೆಂದು ಒಂದು ತಗಡಿನ ಪೆಟ್ಟಿಗೆ.
ಅದಕ್ಕೆ ಎರಡು ಬೀಗ.
ಕೀಲಿ, ಪರಸ್ಪರ ಮಾತು ಬಿಟ್ಟ ಇಬ್ಬರ ಕೈಲಿ.

ಆಮೇಲೆ ಗುಡ್ಡದಾಚೆ ಕಾಲುಬಾಯಿ ಜ್ವರ.

ದಾರಿಗೆ ಅಡ್ಡ ಕಂಬ ಬಿತ್ತು.
ಸಂತೆ ಮುಚ್ಚಿತು, ಹಾಲಿನ ಲಾರಿ ಬರಲಿಲ್ಲ.
ಕರೆದ ಹಾಲು ಸಂಜೆಗೆ ಹುಳಿ,
ನಾಯಿಗಳೂ ಮೂಸಿ ಮುಖ ತಿರುವಿದವು.

ಒಂದು ರಾತ್ರಿ ದಲ್ಲಾಳಿ ಕಟುಂಗಿ ಬಂದ, ದೀಪ ಆರಿಸಿದ ಲಾರಿಯಲ್ಲಿ.
"ಅರ್ಧ ಬೆಲೆ. ಜೌಗಿನ ದಾರಿ. ಇಪ್ಪತ್ತು ಹತ್ತಿಸು,
ಬೆಳಗಾಗುವುದರೊಳಗೆ ನಿನ್ನವಲ್ಲ."
ನನ್ನ ಕೈಯಲ್ಲಿ ಆಗಲೇ ಹಗ್ಗವಿತ್ತು.
ಅತ್ತಿಗೆ ಟಾರ್ಚು ಹಿಡಿದು ಪುಟ ತಿರುವಿದಳು,
ಅವಸರವಿಲ್ಲದೆ, ತೊಗರಿ ಆರಿಸುವವಳಂತೆ.
"ಇಪ್ಪತ್ತು ಹೋದರೆ ಇಪ್ಪತ್ತು ಕಟ್ಟಲು ಆರು ವರ್ಷ.
ಈ ಹಟ್ಟಿಯ ದನ ರೋಗ ಹೊತ್ತು ಹೋಯಿತೆಂಬ ಮಾತು
ಹೊರಟರೆ ಎಷ್ಟು ವರ್ಷ, ಮೈದುನ?
ಅದಕ್ಕೆ ನನ್ನಲ್ಲಿ ಕಾಲಂ ಇಲ್ಲ."
ಲಾರಿ ಖಾಲಿ ಹೋಯಿತು. ನನಗೆ ಸಿಟ್ಟು ಹೋಗಲಿಲ್ಲ.

ಬೆಳಿಗ್ಗೆ ಅಡ್ಡಕಂಬದ ಬಳಿ ಪಶುವೈದ್ಯನನ್ನು ಕೇಳಿದಳು:
"ಏನು ಕೂಡದೆಂದು ಬೋರ್ಡು ಹಾಕಿದ್ದೀರಿ.
ಏನು ಕೂಡುತ್ತದೆ, ಅದನ್ನೂ ಹೇಳಿ."
ಅವನು ತಲೆ ಕೆರೆದ, ಯಾರಿಗೋ ಫೋನು ಮಾಡಿದ.
ಚೆನ್ನಾಗಿ ಕಾಯಿಸಿದ ತುಪ್ಪ,
ಮುದ್ರೆ ಒತ್ತಿದ ಡಬ್ಬಿ, ಕಂಬದವರೆಗೆ ಮಾತ್ರ.

ಅಂದಿನಿಂದ ಏಳು ಮನೆಯಲ್ಲಿ
ನಸುಕಿಗೇ ಸೋರೆಬುರುಡೆ ಮಡಿಲಲ್ಲಿ ತೂಗಿತು,
ಕೂಸಿಲ್ಲದ ಅಜ್ಜಿಯರೂ ತೂಗಿದರು.
ಎಂಬರಾರದ ಮದುವೆ ಅಡುಗೆಯವರು ಫೋನಿನಲ್ಲೇ ಕೊಂಡರು,
ಫೋನಿಗೇ ದುಡ್ಡು ಬಂತು.
ಲಸಿಕೆ ಬಂದ ದಿನ ಪೆಟ್ಟಿಗೆ ತೆರೆಯಬೇಕಾಯಿತು,
ಆ ಇಬ್ಬರು ಒಟ್ಟಿಗೆ ನಿಂತರು, ಮಾತಾಡದೆ.

ಇಷ್ಟಾದರೂ ರೋಗ ಬಂತು.
ಗಾಳಿಯಲ್ಲೋ, ನನ್ನ ಬೂಟಿನಲ್ಲೋ
(ಒಂದು ಸಂಜೆ ನಾನು ಗುಂಡಿ ದಾಟಿದ್ದೆ, ಅವಳು ಕೇಳಲಿಲ್ಲ).
ಬಿಹೊಗೊಳ ಬಾಯಿಂದ ಜೊಲ್ಲು, ನೂಲು ನೂಲಾಗಿ.
ಗೊರಸು ಬಿಟ್ಟಿತು. ಮೊಣಕಾಲೂರಿ ಮೇಯ್ದಳು.
ನಾಲ್ಕು ಕರು, ಕುಡಿಯುತ್ತ ಕುಡಿಯುತ್ತ, ಎದೆ ನಿಂತು ಬಿದ್ದವು.
ಅವನ್ನು ಅಂಕಿಯಲ್ಲಿ ಬರೆಯಲಿಲ್ಲ ಅತ್ತಿಗೆ.
ಇನ್ನೂ ಹೆಸರಿಡದ ಕರುಗಳಿಗೆ
ಅಪ್ಪನ ಬಳಿ ಕೂತು ಹೆಸರು ಕೇಳಿ ಬರೆದಳು.
ಅಪ್ಪ ಹೇಳಿದ. ನೋಟ್‌ಬುಕ್ಕಿನ ಕಡೆ ನೋಡದೆ ಹೇಳಿದ.

ಏಳನೆಯ ತಿಂಗಳು ಕಂಬ ಎದ್ದಿತು.
ಕೊಳ್ಳುವವರು ಮೊದಲು ನಮ್ಮ ಗೇಟಿಗೇ ಬಂದರು,
ಬೂಟು ಅದ್ದಿ ಒಳಬಂದರು.

ಈಗ ಸಂಜೆ ದನ ಬೇಲಿಯೊಳಗೆ ನುಗ್ಗುವಾಗ
ಅಪ್ಪ ಬಣ್ಣಗಳನ್ನು ಕರೆಯುತ್ತಾನೆ.
ಪಕ್ಕದಲ್ಲಿ ನಾನು,
ತುಟಿ ಅಲ್ಲಾಡದಂತೆ ಎಣಿಸುತ್ತೇನೆ.
ಕುಂಟುತ್ತ ಕೊನೆಗೆ ಬರುವ ಬಿಹೊಗೊಳಿಗೆ
ಮೂವತ್ತೊಂಬತ್ತು.
ಹೊಟ್ಟೆಯಲ್ಲಿರುವುದನ್ನು
ಅತ್ತಿಗೆ ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ ಬರೆದಿದ್ದಾಳೆ.